ಎದುರಿಗೇ ಕೂತ ಹಾಗೆ

ನನ್ನ ಮಿತ್ರ ರಾಯರಿಗೆ ನಿವೃತ್ತಿಯ ಕಾಲಕ್ಕೆ ಬಂದ ಹಣದಲ್ಲಿ ಅರ್ಧ ಮಗಳ ಮದುವೆಗೆ ಹೋಯಿತು. ಮಿಕ್ಕದ್ದರಲ್ಲಿ ಎಷ್ಟು ಭಾಗ ಅವರ ನಡುಮನೆಯಲ್ಲಿ ಕೂತಿದೆ ಎಂಬುದನ್ನು ಅವರ ಮನೆಯವರ ಎದುರಿಗೆ ಹೇಳುವುದು ಕ್ಷೇಮವಲ್ಲ. ಆಳೆತ್ತರದ ಎರಡು ಸ್ಪೀಕರುಗಳು, ಮುನಿಸಿಕೊಂಡ ಬೀಗರ ಹಾಗೆ, ಗೋಡೆಯಿಂದ ಮೂರಡಿ ಮುಂದೆ ಬಂದು ನಿಂತಿವೆ. ಅಡಿಗೆಮನೆಗೆ ಹೋಗುವವರು ಅವನ್ನು ಬಳಸಿಕೊಂಡೇ ಹೋಗಬೇಕು. ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಕಾಫಿ ಆದ ಮೇಲೆ, ರಾಯರು ನನ್ನನ್ನು ಗೊತ್ತುಪಡಿಸಿದ ಕುರ್ಚಿಯೊಂದರಲ್ಲಿ ಕೂರಿಸಿ, ಕುರ್ಚಿಯನ್ನು ಅಂಗುಲದಷ್ಟು ಹಿಂದಕ್ಕೆ ಸರಿಸಿ, ಅಬ್ದುಲ್ ಕರೀಂ ಖಾನರ ಹಳೆಯ ಮುದ್ರಿಕೆಯೊಂದನ್ನು ಹಾಕಿದರು. ಹಳೆಯ ತಟ್ಟೆಯ ಕರಕರ ಸದ್ದನ್ನು ಯಾರೋ ತಂತ್ರಜ್ಞರು ತೊಳೆದು ತೆಗೆದ ಹೊಸ ಪ್ರತಿ ಅದು. ಮೂರು ನಿಮಿಷಕ್ಕೆ ಹಾಡು ನಿಂತಿತು. ರಾಯರು ಕಣ್ಣು ತೆರೆದು, "ಹೇಗೆ? ಖಾನ್ ಸಾಹೇಬರು ಎದುರಿಗೇ ಕೂತು ಹಾಡಿದ ಹಾಗಿಲ್ಲವೆ?" ಎಂದರು.

"ನೀವು ಖಾನ್ ಸಾಹೇಬರನ್ನು ಎದುರಿಗೆ ಕೇಳಿದ್ದಿರಾ?" ಎಂದೆ.

"ಎಲ್ಲಿ ಬಂತು ಸ್ವಾಮಿ! ಅವರು ತೀರಿಕೊಂಡದ್ದು 1937ರಲ್ಲಿ. ನಾನು ಹುಟ್ಟಿದ್ದು ಅದಾಗಿ ಹದಿನೈದು ವರ್ಷಕ್ಕೆ."

"ಹಾಗಾದರೆ ಹಾಗೆಯೇ ಇದೆ ಎಂದು ಹೇಗೆ ಗೊತ್ತಾಯಿತು?"

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅನಂತರ, ಮೂವತ್ತು ವರ್ಷ ಪರರ ಲೆಕ್ಕಪತ್ರಗಳಲ್ಲಿ ತಪ್ಪು ಹುಡುಕಿ ಪಳಗಿದವರ ಗಾಂಭೀರ್ಯದಿಂದ, "ಗೊತ್ತಾಗುತ್ತದೆ" ಎಂದರು.

ಈ "ಗೊತ್ತಾಗುತ್ತದೆ" ಎಂಬ ಮಾತಿನ ಮೇಲೆಯೇ ನನ್ನ ತಕರಾರು. ರಾಯರೊಬ್ಬರೇ ಆಡಿದ್ದರೆ ಸ್ನೇಹದ ಲೆಕ್ಕಕ್ಕೆ ಬರೆದು ಬಿಟ್ಟುಬಿಡುತ್ತಿದ್ದೆ. ಯಂತ್ರ ಮಾರುವವರು ಇದೇ ಮಾತನ್ನು ಆಡುತ್ತಾರೆ. ಮುದ್ರಿಕೆಗಳ ಮೇಲೆ ವಿಮರ್ಶೆ ಬರೆಯುವವರು ಇದನ್ನೇ ಬರೆಯುತ್ತಾರೆ. ಈಚೆಗೆ ಸತ್ತ ಸಂಗೀತಗಾರರ ಮೇಲೆ ತೀರ್ಪು ಕೊಡುವವರೂ ಇದನ್ನೇ ಆಧಾರವಾಗಿ ಇಟ್ಟುಕೊಂಡಿದ್ದಾರೆ. ಹೋದ ವರ್ಷ ಒಂದು ಉಪನ್ಯಾಸದಲ್ಲಿ ವಿದ್ಯಾವಂತರಾದ ತರುಣರೊಬ್ಬರು, ನೂರು ವರ್ಷದ ಹಿಂದಿನ ತಟ್ಟೆಗಳನ್ನು ಕೇಳಿಸಿ, "ನೋಡಿ, ನಮ್ಮ ಹಿರಿಯರು ಎಲ್ಲವನ್ನೂ ಓಡಿಸುತ್ತಿದ್ದರು. ವಿಳಂಬದ ವಿಶ್ರಾಂತಿ ಅವರಿಗೆ ತಿಳಿದಿರಲಿಲ್ಲ, ಶ್ರುತಿಯೂ ಅಷ್ಟಕ್ಕಷ್ಟೆ" ಎಂದು ಸಾರಿಬಿಟ್ಟರು. ಸಭಿಕರು ತಲೆದೂಗಿದರು. ನನಗೆ ಹೊಟ್ಟೆ ಉರಿಯಿತು. ಸತ್ತವರು ಎದ್ದು ಬಂದು, "ಅಪ್ಪಾ, ನಾನು ಹಾಡುತ್ತಿದ್ದದ್ದು ಹೀಗಲ್ಲ" ಎಂದು ಹೇಳುವ ಹಾಗಿಲ್ಲವಷ್ಟೆ.

ಯಥಾವತ್ತು ಎಂದರೆ ಯಾವುದಕ್ಕೆ ಯಥಾವತ್ತು? ಗೋಡೆಯ ಮೇಲಿನ ಅಜ್ಜನ ಪಟವನ್ನು ನೋಡಿ, ಅಜ್ಜನನ್ನು ಕಂಡೇ ಇರದ ಮೊಮ್ಮಗ, "ಥೇಟ್ ಅಜ್ಜನೇ!" ಎಂದರೆ ಮನೆಯ ಹಿರಿಯರು ನಗುತ್ತಾರೆ. ಸಂಗೀತದಲ್ಲಿ ಮಾತ್ರ ಯಾರೂ ನಗುವುದಿಲ್ಲ. ಅಮೆರಿಕದಲ್ಲಿ ಹ್ಯಾರಿ ಪಿಯರ್ಸನ್ ಎಂಬಾತ 1973ರಲ್ಲಿ ಈ ಯಂತ್ರಗಳ ವಿಮರ್ಶೆಗೆಂದೇ "ದಿ ಆಬ್ಸೊಲ್ಯೂಟ್ ಸೌಂಡ್" ಎಂಬ ಪತ್ರಿಕೆಯನ್ನು ಹೊರಡಿಸಿದರು. ಆತ ಹಾಕಿಕೊಂಡ ನಿಯಮ ಸರಳವಾದದ್ದು: ಧ್ವನಿವರ್ಧಕದ ಹಂಗಿಲ್ಲದೆ, ನಿಜವಾದ ವಾದ್ಯವನ್ನು ನಿಜವಾದ ಜಾಗದಲ್ಲಿ ನುಡಿಸಿದಾಗ ಕೇಳುವ ನಾದವೇ ಅಳತೆಗೋಲು, ಯಂತ್ರದ ಬೆಲೆಯನ್ನು ಅದರ ಪಕ್ಕದಲ್ಲಿಟ್ಟು ಕಟ್ಟಬೇಕು. ಆ ಪಂಥದವರು ಸಾವಿರಾರು ಡಾಲರು ತಂತಿಗೆ ಸುರಿದು ನಗೆಪಾಟಲಾದದ್ದೂ ಉಂಟು. ಆದರೆ ಅಳತೆಗೋಲಿನ ವಿಷಯದಲ್ಲಿ ಆತ ಹೇಳಿದ್ದನ್ನು ನಾನು ಒಪ್ಪುತ್ತೇನೆ. ನನ್ನ ಚಿಂತೆ ಏನೆಂದರೆ, ನಮ್ಮಲ್ಲಿ ಆ ಅಳತೆಗೋಲೇ ಕಳೆದುಹೋಗುತ್ತಿದೆ.

ಮೊದಲು ಯಂತ್ರದ ಕಡೆಯ ಕಥೆಯನ್ನು ಮುಗಿಸಿಬಿಡುತ್ತೇನೆ. ಎಡಿಸನ್ ಧ್ವನಿಯನ್ನು ಹಿಡಿದಿಡುವ ಯಂತ್ರವನ್ನು ಕಂಡುಹಿಡಿದದ್ದು 1877ರಲ್ಲಿ. ಸುಮಾರು ನಲವತ್ತು ವರ್ಷದ ಮೇಲೆ, 1915ರಿಂದ ಈಚೆಗೆ, ಆತನ ಕಂಪನಿ ಅಮೆರಿಕದ ಊರೂರಿನಲ್ಲಿ ಒಂದು ಬಗೆಯ ಬಹಿರಂಗ ಪರೀಕ್ಷೆಗಳನ್ನು ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಯಂತ್ರ. ಆಕೆ ಒಂದಿಷ್ಟು ಹಾಡಿ ನಡುವೆ ನಿಲ್ಲಿಸುವುದು, ಯಂತ್ರ ಮುಂದುವರಿಸುವುದು. ಕೆಲವು ಸಲ ದೀಪವನ್ನೇ ಆರಿಸಿಬಿಡುತ್ತಿದ್ದರು. ಮತ್ತೆ ಬೆಳಕಾದಾಗ ನೋಡಿದರೆ ಗಾಯಕಿ ವೇದಿಕೆಯಲ್ಲಿಲ್ಲ, ಹಾಡು ಮಾತ್ರ ನಡೆಯುತ್ತಿದೆ! 1916ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಸಭಾಂಗಣದಲ್ಲೂ ಈ ಆಟ ನಡೆದು ಜನ ಬೆರಗಾದರು. ಇಂದು ಆ ಯಂತ್ರದ ಸದ್ದನ್ನು ಕೇಳಿ ಒಂದು ಮಗುವೂ ಮೋಸಹೋಗುವುದಿಲ್ಲ. ಹಾಗಾದರೆ ಆ ಕಾಲದ ಜನ ಕಿವುಡರೆ? ಆ ಪರೀಕ್ಷೆಗಳಲ್ಲಿ ಹಾಡಿದ ಆ್ಯನಾ ಕೇಸ್ ಎಂಬ ಗಾಯಕಿ ಮುಪ್ಪಿನಲ್ಲಿ ಗುಟ್ಟು ಬಿಟ್ಟುಕೊಟ್ಟರು: ತಾನು ಕಂಠವನ್ನು ತಗ್ಗಿಸಿ, ಯಂತ್ರದ ದನಿಗೆ ಹೊಂದುವ ಹಾಗೆ ಹಾಡುತ್ತಿದ್ದೆ, ಎಂದು. ಯಂತ್ರ ಗೆಲ್ಲಲೆಂದು ಮನುಷ್ಯಳು ಯಂತ್ರದ ಅನುಕರಣೆ ಮಾಡಿದ್ದಳು. ವಾಚಕರು ಇದನ್ನು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ನಮ್ಮ ದೇಶದಲ್ಲಿ 1902ರಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದಿಳಿದರು. ಆಗ ಅವರ ತುತ್ತೂರಿಯ ಮುಂದೆ ಕೂತು ಹಾಡಿದವರಲ್ಲಿ ಮುಖ್ಯರಾದವರು ಗೌಹರ್ ಜಾನ್. ನಮಗೆ ಈಕೆ ಪರಕೀಯರಲ್ಲ. 1928ರಲ್ಲಿ ಮೈಸೂರಿನ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣು ಮುಚ್ಚಿದರು. 1902ರಲ್ಲಿ ಮೈಕಿಲ್ಲ, ವಿದ್ಯುತ್ತಿನ ನೆರವಿಲ್ಲ. ಕಂಠದ ಬಲದಿಂದಲೇ ಸೂಜಿ ಅಲುಗಾಡಿ ಮೇಣದ ಮೇಲೆ ಗೆರೆ ಕೊರೆಯಬೇಕು. ಆದ್ದರಿಂದ ಬಾಯನ್ನು ತುತ್ತೂರಿಗೆ ಒಡ್ಡಿ ಗಟ್ಟಿಯಾಗಿ ಹಾಡಬೇಕು; ತಲೆ ತಿರುಗಿಸಕೂಡದು, ಕೈ ಬೀಸಕೂಡದು. ಎದುರಿಗೆ "ವಾಹ್" ಎನ್ನುವ ರಸಿಕನೂ ಇಲ್ಲ. ಘಂಟೆಗಟ್ಟಲೆ ಬೆಳೆಸಬೇಕಾದ ರಾಗವನ್ನು ಮೂರು ನಿಮಿಷಕ್ಕೆ ಮಡಿಸಿಟ್ಟು, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಇದು ಯಾರ ಹಾಡೆಂದು ತಿಳಿಯಬೇಕಲ್ಲ!

ಆ ತುತ್ತೂರಿಯೊಳಕ್ಕೆ ಎಷ್ಟು ನಾದ ಹೋಗುತ್ತಿತ್ತು ಎಂಬುದನ್ನೂ ನೋಡಬೇಕು. ಸ್ಥೂಲವಾಗಿ ಸೆಕೆಂಡಿಗೆ 250 ಕಂಪನದಿಂದ 2500 ಕಂಪನದವರೆಗಿನ ಸದ್ದು ಮಾತ್ರ ಅದಕ್ಕೆ ದಕ್ಕುತ್ತಿತ್ತು. ಗಂಡಸರ ಶ್ರುತಿಯ ತಂಬೂರಿಯಲ್ಲಿ ಮಂದ್ರ ಷಡ್ಜದ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 70 ಸಲ. ಅದರ ಬುಡವೂ ಸಿಕ್ಕಲಿಲ್ಲ. ಕುದುರೆಯ ಮೇಲೆ ಎಳೆದ ನೂಲಿನಿಂದ ಹುಟ್ಟಿ ಮೇಲಕ್ಕೆ ಹಬ್ಬುವ ಝೇಂಕಾರದ ತುದಿಯೂ ಸಿಕ್ಕಲಿಲ್ಲ. ಸಾರಂಗಿಯ ನಯವೂ ತಬಲದ ಎಡಗೈಯ ಗಾಂಭೀರ್ಯವೂ ಹೊರಗೇ ಉಳಿದವು. 1925ರ ಸುಮಾರಿಗೆ ಮೈಕು ಬಂದು ಪರಿಸ್ಥಿತಿ ಸುಧಾರಿಸಿತು ಎನ್ನೋಣ. ಇದೆಲ್ಲಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ನಿಮಿಷಕ್ಕೆ 78 ಸುತ್ತು ಎಂಬುದು ಆ ಕಾಲದಲ್ಲಿ ಕಟ್ಟುನಿಟ್ಟಾದ ಕಟ್ಟಳೆಯಾಗಿರಲಿಲ್ಲ. ಒಂದೊಂದು ಕಡೆ, ಒಂದೊಂದು ಸಲ, ಒಂದೊಂದು ವೇಗ. 74 ಸುತ್ತಿನಲ್ಲಿ ಮುದ್ರಿಸಿದ ತಟ್ಟೆಯನ್ನು ನಾವು 78ರಲ್ಲಿ ತಿರುಗಿಸಿದರೆ ಲಯ ನೂರಕ್ಕೆ ಐದು ಪಾಲು ಚುರುಕಾಗುತ್ತದೆ. ಶ್ರುತಿ ಹೆಚ್ಚುಕಡಿಮೆ ಅರ್ಧ ಮನೆ ಏರುತ್ತದೆ. ಕಂಠ ತೆಳ್ಳಗಾಗಿ ಮೂಗಿನಿಂದ ಬಂದ ಹಾಗಾಗುತ್ತದೆ.

ಈಗ ನಮ್ಮ ಉಪನ್ಯಾಸಕರ ಕಡೆಗೆ ತಿರುಗಿ. ಹಿರಿಯರು ಓಡಿಸುತ್ತಿದ್ದರಂತೆ! ಮೂರು ನಿಮಿಷದ ಗಡುವಿಟ್ಟು, ಎದುರಿಗೆ ಗಡಿಯಾರ ಹಿಡಿದು ನಿಂತವನ ಮುಂದೆ ಹಾಡಿಸಿ, ಆಮೇಲೆ ತಟ್ಟೆಯನ್ನೂ ಜೋರಾಗಿ ತಿರುಗಿಸಿ, ಓಡಿದರು ಎನ್ನುವುದು ಯಾವ ನ್ಯಾಯ? ಬಸ್ಸಿನ ಇಕ್ಕಟ್ಟಿನ ಸೀಟಿನಲ್ಲಿ ಮೊಣಕಾಲು ಮಡಿಸಿ ಕೂತವನನ್ನು ನೋಡಿ, ಪಾಪ, ಇವನಿಗೆ ಕಾಲೇ ಗಿಡ್ಡ, ಎಂದ ಹಾಗಾಯಿತು.

ತಟ್ಟೆ ಸುಳ್ಳು ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಗಂಗೂಬಾಯಿ ಹಾನಗಲ್ಲರ ಗಡಸು ಕಂಠವನ್ನು ಮಾತ್ರ ಬಲ್ಲವರು, 1930ರ ದಶಕದಲ್ಲಿ ಅವರು "ಗಾಂಧಾರಿ" ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳನ್ನು ಕೇಳಿದರೆ ಬೇರೆ ಯಾರೋ ಎಂದುಕೊಳ್ಳುತ್ತಾರೆ. ಅಷ್ಟು ತೆಳುವು, ಅಷ್ಟು ಎತ್ತರ. ಗಂಟಲಿನ ಚಿಕಿತ್ಸೆಯಾದ ಮೇಲೆ ಕಂಠ ಬದಲಾಯಿತು. ತಟ್ಟೆ ಇಲ್ಲದಿದ್ದರೆ ಈ ಸಂಗತಿಯನ್ನು ನಾವು ಬರಿಯ ಮಾತಿನಲ್ಲಿ ನಂಬಬೇಕಾಗುತ್ತಿತ್ತು. ಸಾಕ್ಷಿಯಾಗಿ ಅದು ದೊಡ್ಡದು. ಆದರೆ ಯಾವ ಸಾಕ್ಷಿಯನ್ನೂ ಪಾಟೀಸವಾಲು ಮಾಡದೆ ಬಿಡಬಾರದು ಎಂದು ನಮ್ಮ ವಕೀಲ ಮಿತ್ರರು ಹೇಳುತ್ತಾರೆ.

ಗದುಗಿನ ಹುಡುಗನ ಕಥೆ ಎಲ್ಲರಿಗೂ ಗೊತ್ತು. ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮ್ರಿಯ ತಟ್ಟೆಯನ್ನು ಅಂಗಡಿಯೊಂದರ ಮುಂದೆ ನಿಂತು ಕೇಳಿದ ಭೀಮಸೇನ ಜೋಶಿ, 1933ರಲ್ಲಿ, ಹನ್ನೊಂದು ವರ್ಷದ ಪ್ರಾಯದಲ್ಲಿ, ಮನೆ ಬಿಟ್ಟು ಹೊರಟರು. ಮುದ್ರಿಕೆಯ ಪಕ್ಷದವರು ಈ ಕಥೆಯನ್ನು ನನ್ನ ಮೇಲೆ ಎಸೆಯುತ್ತಾರೆ: "ನೋಡಿ, ಮೂರು ನಿಮಿಷದ ತಟ್ಟೆಗೆ ಅಷ್ಟು ಶಕ್ತಿ!" ಖಂಡಿತ ಇತ್ತು. ಆದರೆ ಹುಡುಗ ಏನು ಮಾಡಿದ ಎಂಬುದನ್ನು ಅವರು ಪೂರ್ತಿ ಹೇಳುವುದಿಲ್ಲ. ಆ ತಟ್ಟೆಯನ್ನೇ ಮತ್ತೆ ಮತ್ತೆ ಹಾಕಿಕೊಂಡು ಅಂಗಡಿಯ ಮುಂದೆ ಕೂರಲಿಲ್ಲ. ಗ್ವಾಲಿಯರ್, ಜಲಂಧರ ಎಂದು ರೈಲಿನಲ್ಲಿ ಅಲೆದು, ಕಡೆಗೆ ತನ್ನ ಊರಿನಿಂದ ಬಹು ದೂರವಲ್ಲದ ಕುಂದಗೋಳದಲ್ಲಿ, ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಕಾಲಿಗೆ ಬಿದ್ದ. ತಟ್ಟೆ ಅವನಿಗೆ ವಿಳಾಸ ಕೊಟ್ಟಿತು. ಹೋಗಿ ಮುಟ್ಟಿದ್ದು ಜೀವಂತ ಕಂಠದ ಬಳಿಗೆ. ನಮ್ಮ ರಾಯರಂಥವರು ವಿಳಾಸದ ಚೀಟಿಯನ್ನೇ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿಕೊಂಡಿದ್ದಾರೆ.

"ಅದೆಲ್ಲ ಹಳೆಯ ಕಾಲದ್ದು, ಈಗಿನ ಯಂತ್ರಕ್ಕೆ ಈ ದೋಷಗಳಿಲ್ಲ" ಎಂಬುದು ರಾಯರ ಎರಡನೆಯ ವಾದ. ಒಪ್ಪಿದೆ. 1982ರಲ್ಲಿ ಕಾಂಪ್ಯಾಕ್ಟ್ ಡಿಸ್ಕ್ ಬಂದಾಗಿನಿಂದ ಮನುಷ್ಯನ ಕಿವಿಗೆ ಕೇಳುವ ಪೂರಾ ಹರವನ್ನು, ಸೆಕೆಂಡಿಗೆ 20 ಕಂಪನದಿಂದ 20000ದವರೆಗೆ, ಹಿಡಿದಿಡಬಹುದಾಗಿದೆ. ಮೈಕಿನ ಬಾಯಿಗೆ ಬಿದ್ದದ್ದನ್ನು ಯಂತ್ರ ಬಹುಮಟ್ಟಿಗೆ ಹಾಗೆಯೇ ಒಪ್ಪಿಸುತ್ತದೆ. ಆದರೆ ಮೈಕನ್ನು ಎಲ್ಲಿ ಇಟ್ಟಿದ್ದರು? ವೀಣೆಯ ಕುದುರೆಯಿಂದ ಒಂದಡಿ ದೂರದಲ್ಲಿ. ಯಾವ ರಸಿಕ ಅಲ್ಲಿ ಕಿವಿಯಿಟ್ಟು ಕೂರುತ್ತಾನೆ? ಗಾಯಕರ ಬಾಯಿಂದ ನಾಲ್ಕು ಅಂಗುಲದಲ್ಲಿ ಇಟ್ಟ ಮೈಕು ಅವರು ಉಸಿರೆಳೆದದ್ದನ್ನೂ ಎಂಜಲು ನುಂಗಿದ್ದನ್ನೂ ಕೇಳಿಸುತ್ತದೆ. ಅವರ ಧರ್ಮಪತ್ನಿಗೂ ಕೇಳಿಸಿರಲಾರದು. ಅದರ ಮೇಲೆ ಒಂದು ಸಲ ಹಾಡಿದ ಪಲ್ಲವಿ, ಇನ್ನೊಂದು ಸಲ ಹಾಡಿದ ಚರಣ, ಇವನ್ನು ಅಂಟಿಸಿ, ಜಾರಿದ ಸ್ವರವನ್ನು ಕಂಪ್ಯೂಟರಿನಲ್ಲಿ ಎತ್ತಿ ನಿಲ್ಲಿಸಿ, ಎಲ್ಲಕ್ಕೂ ಒಂದು ಕೃತಕ ಮಂಟಪದ ಅನುರಣನ ಸವರಿ ಕೊಡುತ್ತಾರೆ. ಇದು ಯಾವ ಹೊತ್ತಿನಲ್ಲಿ, ಯಾವ ಸ್ಥಳದಲ್ಲಿ ನಡೆದ ಹಾಡಿಗೆ ಯಥಾವತ್ತು? ಅಂಥ ಹಾಡು ನಡೆದೇ ಇಲ್ಲ.

ಇನ್ನು ಕೇಳುವವರ ಪಾಡು. ಸದ್ದು ಸಣ್ಣದಾದಾಗ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಮಿಕ್ಕವಕ್ಕಿಂತ ಹೆಚ್ಚಾಗಿ ಕಳೆದುಕೊಳ್ಳುತ್ತದೆ. ಫ್ಲೆಚರ್, ಮನ್ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದರು. ರಾತ್ರಿ ಹತ್ತಾದ ಮೇಲೆ, ಮನೆಯವರು ಎದ್ದಾರೆಂದು ದನಿ ತಗ್ಗಿಸಿ ಕೇಳುವ ರಾಯರಿಗೆ ಮೃದಂಗದ ಎಡಗೈ ಕೇಳುವುದೇ ಇಲ್ಲ. ಹಗಲಿನಲ್ಲಿ ಏರಿಸಿಟ್ಟರೆ ಕೋಣೆ ಗುಡುಗುತ್ತದೆ. ಒಂದೇ ಮುದ್ರಿಕೆ, ಎರಡು ಸಂಗೀತ.

ಇಷ್ಟೇ ಆಗಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. "ಯಂತ್ರ ಬೇಡ ರಾಯರೆ, ಕಛೇರಿಗೆ ಬನ್ನಿ" ಎಂದು ಕರೆದುಕೊಂಡು ಹೋಗಿದ್ದರೆ ಮುಗಿಯುತ್ತಿತ್ತು. ಕರೆದುಕೊಂಡೇ ಹೋದೆ. ನನ್ನ ಮಾನ ಹೋದದ್ದು ಅಲ್ಲಿ.

ಸಭೆಯ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಮಿಕ್ಕವು ಸಾಚಾ ಎಂದಾಗುತ್ತದೆ. ಮುನ್ನೂರು ಜನ ಕೂರುವ ಭವನ. ಬಂದಿದ್ದವರು ಎಂಬತ್ತು. ವೀಣೆಯ ಕಛೇರಿ. ನಾವು ಮೂರನೆಯ ಸಾಲಿನಲ್ಲಿ, ವಿದ್ವಾಂಸರಿಂದ ಇಪ್ಪತ್ತಡಿ ದೂರದಲ್ಲಿ ಕೂತೆವು. ಇಪ್ಪತ್ತಡಿಗೆ ವೀಣೆ ತಾನಾಗಿಯೇ ಕೇಳುತ್ತದೆ, ಹಾಗೆ ಕೇಳಲೆಂದೇ ಅಲ್ಲಿ ಕೂತದ್ದು. ವೀಣೆಯ ಹಲಗೆಗೆ ಒಂದು ಸಣ್ಣ ಮೈಕು ಅಂಟಿಸಿದ್ದರು. ಅದು ಹಲಗೆಯ ನಡುಕವನ್ನು ನೇರವಾಗಿ ತೆಗೆದುಕೊಂಡು ಎರಡು ಪಕ್ಕದ ಕಪ್ಪು ಪೆಟ್ಟಿಗೆಗಳಿಗೆ ದಾಟಿಸುತ್ತದೆ. ಮೀಟು ಬಿದ್ದದ್ದು ಎದುರಿಗೆ ಕಾಣುತ್ತಿತ್ತು. ನಾದ ಬಂದದ್ದು ಗೋಡೆಯ ಕಡೆಯಿಂದ. ಗಮಕದ ಬಾಲ ಹಾರ್ಮೋನಿಯಮ್ಮಿನ ಹಾಗೆ ಉದ್ದಕ್ಕೆ ಎಳೆಯಿತು. ವೀಣೆಯ ನಾದಕ್ಕೆ ಹುಟ್ಟಿದೊಡನೆ ಕರಗುವ ಸ್ವಭಾವವಿದೆ. ಅದು ಪೂರ್ತಿ ಕರಗುವ ಮೊದಲು ಇನ್ನೊಂದು ಸ್ವರವನ್ನು ಅದರೊಳಗಿಂದ ಎಳೆದು ತೆಗೆಯುವುದರಲ್ಲೇ ನಮ್ಮ ಮೈಸೂರು ಕಡೆಯ ಬಾಜಿನ ಸೊಗಸು. ಅಂದು ಯಾವುದೂ ಕರಗಲಿಲ್ಲ. ಮೃದಂಗದವರು ಮೈಕಿನವನ ಕಡೆ ನೋಡಿ ಒಂದು ಬೆರಳು ಮೇಲೆತ್ತಿದರು. ಅದು ಏರಿತು. ಘಟದವರು ಎರಡು ಬೆರಳು ಎತ್ತಿದರು. ಅದೂ ಏರಿತು. ಆಗ ವೀಣೆಯವರಿಗೆ ತಮ್ಮದೇ ಕೇಳದೆ, ಪಾಪ, ಕೈಯನ್ನೇ ಎತ್ತಿದರು. ಅರ್ಧ ಗಂಟೆಯಲ್ಲಿ ಎಂಬತ್ತು ಜನ ಬೀಗರ ಮನೆಯ ಬ್ಯಾಂಡ್ ಸೆಟ್ಟಿನ ನಡುವೆ ಕೂತ ಹಾಗಾಯಿತು. ತಂಬೂರಿ ಎಲ್ಲಿ ಎಂದು ಕತ್ತು ನೀಡಿ ನೋಡಿದೆ. ಮೊಬೈಲ್ ಫೋನೊಂದು ಮೈಕಿಗೆ ಒರಗಿ ನಿಂತಿತ್ತು. ಅದರೊಳಗೆ ಎಲ್ಲಿಯೋ ಎಂದೋ ಮೀಟಿದ ತಂಬೂರಿಯ ಮುದ್ರಿಕೆ ಸುತ್ತುತ್ತಿತ್ತು. ಪ್ರತ್ಯಕ್ಷ ಕಛೇರಿಯ ಆಧಾರಷಡ್ಜವೇ ಧ್ವನಿಮುದ್ರಿಕೆ!

ತನಿ ಆವರ್ತನಕ್ಕೆ ಎದ್ದು ಹೊರಗೆ ಬಂದ ತರುಣನೊಬ್ಬ ನನ್ನನ್ನು ಗುರುತಿಸಿ, ಬಹಳ ವಿನಯದಿಂದ, "ಸೌಂಡ್ ಎಷ್ಟು ಚೆನ್ನಾಗಿದೆ ಅಲ್ಲವೆ ಸಾರ್? ಥೇಟ್ ಸಿ.ಡಿ. ಕೇಳಿದ ಹಾಗೇ ಇದೆ" ಎಂದ. ಪಕ್ಕದಲ್ಲಿದ್ದ ರಾಯರು ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು. ಆ ರಾತ್ರಿ ನನಗೆ ಆ್ಯನಾ ಕೇಸ್ ನೆನಪಾದರು. ಆಕೆ ಯಂತ್ರದ ದನಿಗೆ ತನ್ನ ದನಿಯನ್ನು ಇಳಿಸಿದ್ದು ಕಂಪನಿಯ ಪ್ರಚಾರಕ್ಕಾಗಿ, ಸಂಬಳಕ್ಕಾಗಿ. ನಾವು ಯಾರೂ ಕೇಳದೆಯೇ, ಚಂದಾ ಕೂಡಿಸಿ, ನಮ್ಮ ಕಛೇರಿಗಳನ್ನು ಮುದ್ರಿಕೆಯ ಅನುಕರಣೆ ಮಾಡಿ ಇಟ್ಟಿದ್ದೇವೆ. ಆ ತರುಣ ನಾಳೆ ಮನೆಯಲ್ಲಿ ಸಿ.ಡಿ. ಹಾಕಿಕೊಂಡು, "ಕಛೇರಿಯಲ್ಲಿ ಕೇಳಿದ ಹಾಗೇ ಇದೆ" ಎಂದರೆ ಅವನ ಮಾತು ನಿಜವೇ. ಅಳತೆಗೋಲನ್ನು ಬಟ್ಟೆಯ ಅಳತೆಗೆ ಕತ್ತರಿಸಿದ ಮೇಲೆ ಯಾವ ಬಟ್ಟೆಯೂ ಗಿಡ್ಡವಾಗುವುದಿಲ್ಲ.

ಇದಕ್ಕೆ ಉತ್ತರವೂ ನನಗೆ ಗೊತ್ತು: ಮೈಕಿಲ್ಲದೆ ಸಾವಿರ ಜನಕ್ಕೆ ಕೇಳಿಸುವುದು ಹೇಗೆ? ಬೆಂಗಳೂರಿನಲ್ಲಿ 1939ರಿಂದ ನಡೆದುಬಂದ, ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿಯ ಸಂಗೀತೋತ್ಸವದಂಥ ಕಡೆ, ಬೀದಿಯವರೆಗೆ ಜನ ನೆರೆಯುವಲ್ಲಿ, ಮೈಕು ಬೇಕು. ಯಾರು ಬೇಡವೆಂದರು? ಮೈಕಿನ ಉಪಕಾರವನ್ನು ಮರೆಯುವಷ್ಟು ಕೃತಘ್ನನೂ ಅಲ್ಲ ನಾನು. ಅದು ಬರುವ ಮೊದಲು ಹಿಂದಿನ ಬೆಂಚಿಗೆ ಮುಟ್ಟಿಸಲು ಗಾಯಕರು ಮೇಲಿನ ಶ್ರುತಿಯಲ್ಲಿ ಕಂಠ ಬಿಚ್ಚಿ ಹಾಡಬೇಕಿತ್ತು. ಮೆಲುದನಿಯವರಿಗೆ ವೇದಿಕೆಯೇ ದುರ್ಲಭ. ಪಿಟೀಲು ಹಿಂದಿನವರಿಗೆ ಕೇಳದೆಂಬ ಕೊರಗಿನಿಂದಲೇ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಪಿಸಿಕೊಂಡದ್ದು. ಆ ಕಾಲದವರು ದೂರ ಮುಟ್ಟಿಸಲು ವಾದ್ಯಕ್ಕೆ ತಂತಿ ಸೇರಿಸಿದರು, ಕಂಠಕ್ಕೆ ಸಾಧನೆ ಸೇರಿಸಿದರು. ನಾವು ಎಂಬತ್ತು ಜನರ ಮುಂದೆ, ಇಪ್ಪತ್ತಡಿಯ ದೂರಕ್ಕೆ, ಸಾವಿರ ಜನರ ಮೈಕನ್ನು ಹಚ್ಚುತ್ತಿದ್ದೇವೆ. ಇದಕ್ಕೆ ಅಗತ್ಯವೆಂದು ಹೆಸರಿಡಬೇಡಿ. ಅಭ್ಯಾಸ ಎನ್ನಿ, ಸೋಮಾರಿತನ ಎನ್ನಿ.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೌಲ್ಡ್ 1964ರಲ್ಲಿ ವೇದಿಕೆಯನ್ನು ಬಿಟ್ಟು ಮುದ್ರಣಾಲಯವನ್ನು ಸೇರಿದರು. ತುಣುಕುಗಳನ್ನು ಜೋಡಿಸಿ ಕೃತಿಯನ್ನು ಕಟ್ಟುವುದು ತನ್ನ ಹಕ್ಕು ಎಂದರು. ಆತನೊಡನೆ ನನಗೆ ಜಗಳವಿಲ್ಲ. ಚಲನಚಿತ್ರ ನಾಟಕವಲ್ಲ ಎಂದು ತಿಳಿದೇ ನೋಡುತ್ತೇವೆ. ಹಾಗೆ ಮುದ್ರಿಕೆಯೇ ಒಂದು ಬೇರೆ ಕಲೆ ಎಂದು ನೇರವಾಗಿ ಹೇಳುವವರು ಪ್ರಾಮಾಣಿಕರು. ಇನ್ನೊಂದು ತುದಿಯಲ್ಲಿ ಅಲ್ಲಾದಿಯಾ ಖಾನರು. 1946ರವರೆಗೆ ಬದುಕಿದ್ದೂ ಒಂದು ತಟ್ಟೆಯನ್ನೂ ಬಿಟ್ಟುಹೋಗಲಿಲ್ಲ. ಅವರ ವಿದ್ಯೆ ಮಕ್ಕಳಾದ ಮಂಜಿ ಖಾನ್, ಬುರ್ಜಿ ಖಾನರಿಂದ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರಿಗೆ ಬಂದು, 1992ರವರೆಗೆ ನಮ್ಮ ನಡುವೆ ಹಾಡಿತು. ಅದು ಅಲ್ಲಾದಿಯಾ ಖಾನರ ಯಥಾವತ್ತು ಪ್ರತಿ ಎಂದು ಮನ್ಸೂರರ ಅಭಿಮಾನಿಗಳೂ ಹೇಳಲಿಲ್ಲ. ಆದರೂ ಬೇರು ಒಂದೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಈ ಎರಡು ತುದಿಗಳ ನಡುವೆ ನಿಂತು, ಇದೂ ಅದೇ, ಅದೂ ಇದೇ, ಎನ್ನುವವರೊಡನೆ ನನ್ನ ಜಗಳ.

ನಾನು ಕೇಳುವುದು ದೊಡ್ಡದೇನಲ್ಲ. ನಮ್ಮ ಸಭೆಗಳು ತಿಂಗಳಿಗೆ ಒಂದು ಕಛೇರಿಯನ್ನು, ನೂರು ಜನಕ್ಕೆ ಮೀರದ ಹಾಗೆ, ಮೈಕು ಆರಿಸಿ ನಡೆಸಲಿ. ಫ್ಯಾನು ಕಿರುಗುಟ್ಟಿದರೆ ಅದನ್ನೂ ಆರಿಸಲಿ. ಬೆವರು ಬಂದರೆ ಒರೆಸಿಕೊಂಡರಾಯಿತು. ತಂಬೂರಿಗೆ ಒಬ್ಬ ಮನುಷ್ಯನನ್ನು ಕೂರಿಸಲಿ. ಗುರುವಿನ ಹಿಂದೆ ಕೂತು ತಂಬೂರಿ ಮೀಟಿಯೇ ಅರ್ಧ ಸಂಗೀತ ಕಲಿಯುತ್ತಿದ್ದ ಶಿಷ್ಯರಿಗೆ ಆ ಜಾಗವನ್ನು ಫೋನಿನಿಂದ ಬಿಡಿಸಿ ಕೊಟ್ಟ ಪುಣ್ಯವೂ ಬರುತ್ತದೆ. ಮುದ್ರಿಕೆ ಹೊರಡಿಸುವವರು ಅದರ ಲಕೋಟೆಯ ಮೇಲೆ, ಹಾಡಿದ್ದು ಒಂದೇ ಸಲವೋ ತುಂಡು ತುಂಡಾಗಿಯೋ, ಸ್ವರವನ್ನು ತಿದ್ದಲಾಗಿದೆಯೋ ಇಲ್ಲವೋ ಎಂದು ಎರಡು ಸಾಲು ಅಚ್ಚು ಹಾಕಲಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಒಳಗೇನಿದೆ ಎಂದು ಬರೆಯುತ್ತಾರೆ, ರಾಗದ ಮೇಲೆ ಬರೆಯಲು ಏನು ಕಷ್ಟ? ಮತ್ತು ಮುದ್ರಿಕೆಯನ್ನು "ಎದುರಿಗೇ ಕೂತ ಹಾಗೆ" ಎಂದು ಹೊಗಳಿ ಬರೆಯುವ ವಿಮರ್ಶಕರು, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ವಾದ್ಯದ ಎದುರಿಗೆ ಬರಿಗಿವಿಯಲ್ಲಿ ಕೂತಿದ್ದೆವು ಎಂದು ತಮ್ಮಲ್ಲಿಯೇ ಎಣಿಸಿಕೊಳ್ಳಲಿ. ಕಿವಿಯ ನೆನಪು ಬಹಳ ದಿನ ನಿಲ್ಲುವಂಥದಲ್ಲ. ಹತ್ತು ವರ್ಷದ ಹಿಂದೆ ಕೇಳಿದ ವೀಣೆಯನ್ನು ಇಂದಿನ ಸ್ಪೀಕರಿನೊಡನೆ ಹೋಲಿಸುತ್ತೇನೆ ಎನ್ನುವವರು, ಆ ವೀಣೆಯ ಹೆಸರಿನಲ್ಲಿ ತಮ್ಮದೇ ಕಲ್ಪನೆಯನ್ನು ಹೋಲಿಸುತ್ತಿರುತ್ತಾರೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಅದಾದ ಒಂದು ತಿಂಗಳಿಗೆ ರಾಯರನ್ನು ಬಸವನಗುಡಿಯ ಒಂದು ಹಳೆಯ ಮನೆಗೆ ಕರೆದುಕೊಂಡು ಹೋದೆ. ಮನೆಯ ಹಿರಿಯರೊಬ್ಬರು, ವೃತ್ತಿಯಿಂದ ಸಂಗೀತಗಾರರಲ್ಲ, ಸಂಜೆಯ ಹೊತ್ತು ವೀಣೆ ನುಡಿಸುತ್ತಾರೆ; ಕೇಳಲು ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕೂರುತ್ತಾರೆ. ಮೊದಲ ಹತ್ತು ನಿಮಿಷ ರಾಯರು ಚಡಪಡಿಸಿದರು. "ಸದ್ದೇ ಸಾಲದಲ್ಲ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ನಾನು ಸುಮ್ಮನಿದ್ದೆ. ಹೊರಗೆ ಆಟೋ ಹೋದಾಗ ವೀಣೆ ಮುಳುಗುತ್ತಿತ್ತು, ಮತ್ತೆ ಏಳುತ್ತಿತ್ತು. ಭೈರವಿಗೆ ಬರುವ ಹೊತ್ತಿಗೆ ರಾಯರು ಗೋಡೆಗೆ ಒರಗಿದ್ದ ಬೆನ್ನನ್ನು ಬಿಟ್ಟು ಮುಂದಕ್ಕೆ ಬಾಗಿದ್ದರು. ಹಿಂತಿರುಗುವಾಗ ದಾರಿಯುದ್ದಕ್ಕೂ ತರಕಾರಿಯ ಬೆಲೆಯ ಮಾತು.

ಮಾರನೆಯ ದಿನ ಬೆಳಗ್ಗೆ ಆರೂವರೆಗೆ ಫೋನು ಬಂತು.

"ಸ್ವಾಮಿ, ರಾತ್ರಿ ವೀಣೆಯ ಮುದ್ರಿಕೆ ಒಂದನ್ನು ಹಾಕಿ ಕೇಳಿದೆ. ನನ್ನ ಯಂತ್ರದಲ್ಲಿ ಬೆರಳು ತಂತಿಯ ಮೇಲೆ ಜಾರುವ ಸದ್ದು ಜೋರಾಗಿ ಕೇಳುತ್ತದೆ. ಇಷ್ಟು ದಿನ ಅದೇ ಇದರ ಹೆಚ್ಚುಗಾರಿಕೆ ಎಂದುಕೊಂಡಿದ್ದೆ. ನಿನ್ನೆ ಐದಡಿಯಲ್ಲಿ ಕೂತರೂ ಅಷ್ಟು ಕೇಳಲಿಲ್ಲವಲ್ಲ?"

"ಕೇಳಲಿಲ್ಲ" ಎಂದೆ.

"ಮತ್ತೆ ಆ ಮಂದ್ರದ ತಂತಿ... ಅದು ಕೋಣೆಯ ನೆಲದಿಂದ ಬಂದ ಹಾಗಿತ್ತು. ನನ್ನಲ್ಲಿ ಪೆಟ್ಟಿಗೆಯಿಂದ ಬರುತ್ತದೆ." ಸ್ವಲ್ಪ ಹೊತ್ತು ಮಾತಿಲ್ಲ. "ಒಂದು ಸಲ ಕೇಳಿದ್ದಕ್ಕೆ ಹೇಳುವುದು ಹೇಗೆ ಎನ್ನಿ. ಮುಂದಿನ ವಾರವೂ ಇರುತ್ತದೆಯೆ?"

ಇರುತ್ತದೆ ಎಂದೆ. ಐದೂವರೆಗೆ ಹೊರಡುವುದೆಂದು ನಿಶ್ಚಯವಾಯಿತು.